ಸ್ಪರ್ನ್ (ಇಂಗ್ಲಿಷ್ ಕ್ರಿಯಾಪದ)

ಸ್ಪರ್ನ್ ಎಂಬುದು ತುಚ್ಛಭಾವದಿಂದ ಕೂಡಿದ ನಿರಾಕರಣೆಯನ್ನು ಸೂಚಿಸುವ ಇಂಗ್ಲಿಷ್ ಭಾಷೆಯ ಸಕರ್ಮಕ ಕ್ರಿಯಾಪದ. ಒಬ್ಬರು ನೀಡಬಯಸಿದ ನೆರವು, ಪ್ರೀತಿ, ಸಲಹೆ, ಗೌರವ ಅಥವಾ ಅವಕಾಶವನ್ನು ಬೆಲೆಯಿಲ್ಲದ್ದೆಂದು ಬಗೆದು ದೂರ ತಳ್ಳುವುದು ಇದರ ಮುಖ್ಯಾರ್ಥ. ಕನ್ನಡದಲ್ಲಿ ಇದನ್ನು ಸಾಮಾನ್ಯವಾಗಿ 'ತಿರಸ್ಕರಿಸು' ಎಂದು ಅನುವಾದಿಸಲಾಗುತ್ತದೆ. ಆದರೆ ಈ ಎರಡು ಪದಗಳ ವ್ಯಾಪ್ತಿ ಒಂದೇ ಅಲ್ಲ. ಸ್ಪರ್ನ್ ಪದದಲ್ಲಿ ಅವಹೇಳನವು ಅರ್ಥದ ಅವಿಭಾಜ್ಯ ಅಂಗ. ಕನ್ನಡದ ತಿರಸ್ಕರಿಸು ಪದದಲ್ಲಿ ಅದು ಸಂದರ್ಭಕ್ಕೆ ತಕ್ಕಂತೆ ಇರಬಹುದು, ಇಲ್ಲದಿರಲೂಬಹುದು.

ವ್ಯುತ್ಪತ್ತಿ

ಈ ಪದವು ಹಳೆಯ ಇಂಗ್ಲಿಷಿನ 'ಸ್ಪುರ್ನನ್' ಎಂಬ ರೂಪದಿಂದ ಬಂದಿದೆ. ಅದಕ್ಕೆ ಕಾಲಿನಿಂದ ಒದೆ, ಎಡವು ಎಂಬ ಅರ್ಥಗಳ ಜೊತೆಗೆ ಹೀಗಳೆದು ದೂಡು ಎಂಬ ಅರ್ಥವೂ ಇತ್ತು. ಕುದುರೆ ಸವಾರನ ಹಿಮ್ಮಡಿಗೆ ಕಟ್ಟುವ ಮುಳ್ಳನ್ನು ಸೂಚಿಸುವ 'ಸ್ಪರ್' ಎಂಬ ಇಂಗ್ಲಿಷ್ ಪದವೂ ಇದೇ ಕುಲದ್ದು. ಲ್ಯಾಟಿನ್ ಭಾಷೆಯ 'ಸ್ಪೆರ್ನೆರೆ' (ಕೀಳೆಂದು ಕಾಣು) ಮತ್ತು ಸಂಸ್ಕೃತದ 'ಸ್ಫುರ್' ಧಾತುಗಳನ್ನು ಭಾಷಾವಿಜ್ಞಾನಿಗಳು ಇದರ ಜ್ಞಾತಿಪದಗಳೆಂದು ಗುರುತಿಸಿದ್ದಾರೆ. ವೈದಿಕ ಸಂಸ್ಕೃತದಲ್ಲಿ ಸ್ಫುರ್ ಧಾತುವಿಗೆ ಕಾಲಿನಿಂದ ತಳ್ಳು ಎಂಬ ಅರ್ಥವಿತ್ತು. ಮುಂದೆ ಅದು ಅದಿರು, ಮಿಂಚು, ಹೊಳೆ ಎಂಬ ಅರ್ಥಗಳಲ್ಲಿ ನೆಲೆಗೊಂಡು, ಕನ್ನಡಕ್ಕೆ ಸ್ಫುರಣ, ಸ್ಫುರಿಸು ಎಂಬ ರೂಪಗಳಲ್ಲಿ ಬಂದಿತು.

ಒದೆಯುವುದು ಎಂಬ ಮೂಲಾರ್ಥವು ಆಧುನಿಕ ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಮರೆಯಾಗಿದೆ. ಷೇಕ್ಸ್‌ಪಿಯರನ ಕಾಲದಲ್ಲಿ ಅದು ಜೀವಂತವಾಗಿತ್ತು. 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ಮೊದಲ ಅಂಕದಲ್ಲಿ ಶೈಲಾಕನು ಆಂಟೋನಿಯೊ ತನ್ನನ್ನು ಬೀದಿನಾಯಿಯಂತೆ ಒದ್ದು ಅಟ್ಟಿದ್ದನ್ನು ನೆನಪಿಸುವಾಗ ಈ ಕ್ರಿಯಾಪದವನ್ನೇ ಬಳಸುತ್ತಾನೆ. ಅಲ್ಲಿ ಒದೆತ ಮತ್ತು ಅವಮಾನಗಳೆರಡೂ ಒಂದೇ ಪದದಲ್ಲಿ ಸೇರಿವೆ.

ವ್ಯಾಕರಣ

ಸ್ಪರ್ನ್ ಕ್ರಮಬದ್ಧ ಕ್ರಿಯಾಪದ. ಇದರ ಭೂತಕಾಲ ಮತ್ತು ಭೂತಕೃದಂತ ರೂಪ 'ಸ್ಪರ್ನ್ಡ್'. ವರ್ತಮಾನ ಕೃದಂತ 'ಸ್ಪರ್ನಿಂಗ್'. ಇದಕ್ಕೆ ಕರ್ಮಪದ ಅಗತ್ಯ. 'ರೆಫ್ಯೂಸ್' ಕ್ರಿಯಾಪದದ ಮುಂದೆ ಮತ್ತೊಂದು ಕ್ರಿಯೆಯನ್ನು ಸೇರಿಸಿ 'ಹೋಗಲು ಒಪ್ಪಲಿಲ್ಲ' ಎಂಬಂತೆ ಹೇಳಬಹುದು. ಇಂದಿನ ಬಳಕೆಯಲ್ಲಿ ಸ್ಪರ್ನ್ ಪದವನ್ನು ಹಾಗೆ ಪ್ರಯೋಗಿಸುವ ರೂಢಿಯಿಲ್ಲ. ಆಡುಮಾತಿಗಿಂತ ಬರವಣಿಗೆಯಲ್ಲಿ, ವಿಶೇಷವಾಗಿ ಸಾಹಿತ್ಯ ಮತ್ತು ಪತ್ರಿಕೆಗಳಲ್ಲಿ, ಇದರ ಬಳಕೆ ಹೆಚ್ಚು.

ಸಮೀಪಾರ್ಥಕ ಪದಗಳು

ಇಂಗ್ಲಿಷಿನಲ್ಲಿ 'ಡಿಕ್ಲೈನ್' ಎಂದರೆ ಸೌಜನ್ಯದಿಂದ ಒಲ್ಲೆನೆನ್ನುವುದು. 'ರೆಫ್ಯೂಸ್' ಎಂದರೆ ಸ್ಪಷ್ಟವಾಗಿ ಒಪ್ಪದಿರುವುದು. 'ರಿಜೆಕ್ಟ್' ಎಂದರೆ ಪರಿಶೀಲಿಸಿ ಅಥವಾ ಅನರ್ಹವೆಂದು ತಳ್ಳಿಹಾಕುವುದು. 'ಸ್ಕಾರ್ನ್' ಮತ್ತು 'ಡಿಸ್‌ಡೇನ್' ಪದಗಳು ಮುಖ್ಯವಾಗಿ ಮನಸ್ಸಿನ ತುಚ್ಛಭಾವವನ್ನು ಹೇಳುತ್ತವೆ. ಸ್ಪರ್ನ್ ಪದದಲ್ಲಿ ಆ ಭಾವ ಮತ್ತು ತಳ್ಳುವ ಕ್ರಿಯೆ ಎರಡೂ ಇವೆ.

ಹೊಸಹಳ್ಳಿಯ ರೈತರೊಬ್ಬರು ಕೊಟ್ಟೂರಿನ ಮಾರುಕಟ್ಟೆಗೆ ಶೇಂಗಾ ತಂದಿದ್ದಾರೆ ಎಂದು ಭಾವಿಸೋಣ. ವರ್ತಕರು ಹೇಳಿದ ದರ ಸಾಲದೆಂದು ಅವರು ಒಪ್ಪದಿದ್ದರೆ ಅದು ರೆಫ್ಯೂಸ್. ಕಾಳಿನಲ್ಲಿ ತೇವಾಂಶ ಹೆಚ್ಚಿದೆಯೆಂದು ವರ್ತಕರು ಮಾಲನ್ನು ಹಿಂದಕ್ಕೆ ಕಳಿಸಿದರೆ ಅದು ರಿಜೆಕ್ಟ್. ಆ ದರವನ್ನು ಹೇಳಿದ್ದೇ ತಮಗೆ ಅವಮಾನವೆಂಬಂತೆ ರೈತರು ಮುಖ ತಿರುಗಿಸಿ ಚೀಲ ಕಟ್ಟಿದರೆ ಮಾತ್ರ ಅದು ಸ್ಪರ್ನ್.

ಕನ್ನಡದ ಸಮಾನಪದಗಳು

ತಿರಸ್ಕರಿಸು: ಸಂಸ್ಕೃತದ 'ತಿರಸ್' (ಅಡ್ಡ, ಮರೆ) ಮತ್ತು 'ಕೃ' (ಮಾಡು) ಸೇರಿ ಆದ ಪದ. ಮರೆಮಾಡು ಎಂಬುದು ಇದರ ಹಳೆಯ ಅರ್ಥ. ಆದ್ದರಿಂದಲೇ ತೆರೆಗೆ 'ತಿರಸ್ಕರಿಣಿ' ಎಂಬ ಹೆಸರಿದೆ.

ಧಿಕ್ಕರಿಸು: 'ಧಿಕ್' ಎಂದು ಛೀಮಾರಿ ಹಾಕುವುದು. ಇಂದಿನ ಕನ್ನಡದಲ್ಲಿ ಇದು ಆಜ್ಞೆ ಅಥವಾ ಅಧಿಕಾರವನ್ನು ಮೀರಿ ನಡೆಯುವುದನ್ನು ಸೂಚಿಸುತ್ತದೆ.

ಕಡೆಗಣಿಸು: ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ಇಲ್ಲಿ ಉದಾಸೀನವಿದೆಯೇ ಹೊರತು ತಳ್ಳುವ ಕ್ರಿಯೆಯಿಲ್ಲ.

ತೃಣೀಕರಿಸು: ಹುಲ್ಲಿಗೆ ಸಮಾನವಾಗಿ ಕಾಣುವುದು. ಸಂಪತ್ತು, ಪದವಿ, ಪ್ರಲೋಭನೆಗಳನ್ನು ಹಿರಿದಾದ ಧ್ಯೇಯಕ್ಕಾಗಿ ತೊರೆಯುವ ಸಂದರ್ಭಕ್ಕೆ ಇದು ಹೊಂದುತ್ತದೆ. ಕೌಶಿಕನ ಅರಮನೆಯ ವೈಭವವನ್ನು ಬಿಟ್ಟು ಹೊರಟ ಅಕ್ಕಮಹಾದೇವಿಯ ಪರಂಪರಾಗತ ಕಥೆ ಇದಕ್ಕೆ ತಕ್ಕ ನಿದರ್ಶನ.

ಕಾಲಿನಿಂದ ಒದೆ: 'ಬಂದ ಭಾಗ್ಯವನ್ನು ಕಾಲಿನಿಂದ ಒದ್ದ' ಎಂಬ ಬಳಕೆಯು ಇಂಗ್ಲಿಷ್ ಪದದ ಮೂಲಾರ್ಥಕ್ಕೆ ಅತಿ ಸಮೀಪದ್ದು.

ಒಲ್ಲೆ: ಮಧ್ಯ ಮತ್ತು ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಬೇಡವೆನ್ನಲು ಬಳಸುವ ಪದ. ಇದರಲ್ಲಿ ಅವಹೇಳನದ ಛಾಯೆಯಿಲ್ಲ. ಆದುದರಿಂದ ಇದು ಸ್ಪರ್ನ್ ಪದಕ್ಕೆ ಸಮಾನವಲ್ಲ.

ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥಗಳನ್ನು ಹೊಂದಿಸುವ ಕೆಲಸಕ್ಕೆ ಬಳ್ಳಾರಿ ಸೀಮೆಯೊಡನೆ ಹಳೆಯ ನಂಟಿದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನರಿ ಸೊಸೈಟಿಯ ವಿಲಿಯಂ ರೀವ್ ಅವರ ಇಂಗ್ಲಿಷ್–ಕರ್ಣಾಟಕ ನಿಘಂಟು 1824ರಲ್ಲಿಯೂ ಕರ್ಣಾಟಕ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದವು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿ ಪ್ರದೇಶಗಳು ಆ ಕಾಲದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿದ್ದವು.

ಆಡಳಿತ ಭಾಷೆಯಲ್ಲಿ

ಕಚೇರಿ ಕನ್ನಡದಲ್ಲಿ 'ಅರ್ಜಿ ತಿರಸ್ಕೃತವಾಗಿದೆ', 'ನಾಮಪತ್ರ ತಿರಸ್ಕೃತ' ಎಂಬ ಪ್ರಯೋಗಗಳು ರೂಢಿಯಲ್ಲಿವೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 36ನೆಯ ಪ್ರಕರಣದಂತೆ ಚುನಾವಣಾಧಿಕಾರಿಯು ನಾಮಪತ್ರವನ್ನು ಪರಿಶೀಲಿಸಿ ತಳ್ಳಿಹಾಕಿದಾಗ ಅದರಲ್ಲಿ ಅಭ್ಯರ್ಥಿಯ ಬಗ್ಗೆ ಯಾವ ಅವಜ್ಞೆಯೂ ಇಲ್ಲ. ಇದು ರಿಜೆಕ್ಟ್ ಪದದ ಅನುವಾದ ಮಾತ್ರ. ಇಂತಹ ವಾಕ್ಯಗಳನ್ನು ಇಂಗ್ಲಿಷಿಗೆ ತರುವಾಗ ಸ್ಪರ್ನ್ ಎಂದು ಬರೆಯುವುದು ತಪ್ಪು.

ಸುದ್ದಿಭಾಷೆಯಲ್ಲಿ

ಇಂಗ್ಲಿಷ್ ಪತ್ರಿಕೆಗಳ ಅಪರಾಧ ವರದಿಗಳಲ್ಲಿ 'ಸ್ಪರ್ನ್ಡ್ ಲವರ್' ಎಂಬ ಪದಗುಚ್ಛವು ಕಾಣಿಸಿಕೊಳ್ಳುತ್ತದೆ. ಯುವತಿಯೊಬ್ಬಳು ಪ್ರೇಮ ಅಥವಾ ವಿವಾಹದ ಪ್ರಸ್ತಾಪಕ್ಕೆ ಒಪ್ಪದಿದ್ದಾಗ ಆಕೆಯ ಮೇಲೆ ಹಲ್ಲೆ ನಡೆಸಿದ ವ್ಯಕ್ತಿಯನ್ನು ಹೀಗೆ ಕರೆಯುವುದುಂಟು. ಈ ಪ್ರಯೋಗದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದಾಗಿ, ಬೇಡವೆಂದ ಯುವತಿಯು ಅವನನ್ನು ಹೀನಾಯವಾಗಿ ಕಂಡಳು ಎಂಬ ಆರೋಪವು ಪದದೊಳಗೆ ಅಡಗಿ ಬರುತ್ತದೆ. ಎರಡನೆಯದಾಗಿ, ಏಕಪಕ್ಷೀಯವಾದ ಹಿಂಬಾಲಿಕೆಯು ಪ್ರೇಮವೆಂಬ ಹೆಸರನ್ನು ಪಡೆಯುತ್ತದೆ. ಹೀಗೆ ದಾಳಿಗೆ ಒಳಗಾದವಳೇ ಅದಕ್ಕೆ ಕಾರಣಳೆಂಬ ಅರ್ಥ ಹೊರಡುತ್ತದೆ. ಕನ್ನಡದಲ್ಲಿ 'ಪ್ರೀತಿ ತಿರಸ್ಕರಿಸಿದ ಯುವತಿ' ಎಂಬ ಶೀರ್ಷಿಕೆಯೂ ಇದೇ ಪರಿಣಾಮವನ್ನು ಉಂಟುಮಾಡಬಲ್ಲುದು. 'ಪ್ರಸ್ತಾಪಕ್ಕೆ ಒಪ್ಪದ' ಎಂಬ ಮಾತು ನಡೆದ ಸಂಗತಿಯನ್ನಷ್ಟೇ ಹೇಳುತ್ತದೆ.

ಕಾನೂನಿನ ದೃಷ್ಟಿಯಲ್ಲಿ ನಿರಾಕರಣೆಯು ದಾಳಿಗೆ ಸಮರ್ಥನೆಯಲ್ಲ. ಆಮ್ಲ ದಾಳಿಯನ್ನು ಪ್ರತ್ಯೇಕ ಅಪರಾಧವೆಂದು 2013ರ ತಿದ್ದುಪಡಿಯು ಭಾರತೀಯ ದಂಡ ಸಂಹಿತೆಗೆ ಸೇರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 124ನೆಯ ಪ್ರಕರಣದಲ್ಲಿ, ಆಮ್ಲದಿಂದ ತೀವ್ರ ಗಾಯವನ್ನುಂಟುಮಾಡಿದರೆ ಕನಿಷ್ಠ 10 ವರ್ಷಗಳ ಕಾರಾಗೃಹವಾಸವನ್ನು ವಿಧಿಸಲಾಗಿದೆ.

ಆದುದರಿಂದ ಸ್ಪರ್ನ್ ಪದವನ್ನು ಬಳಸುವಾಗ ಅಥವಾ ಅನುವಾದಿಸುವಾಗ, ನಿರಾಕರಿಸಿದವರ ನಡೆಯಲ್ಲಿ ಅವಹೇಳನವು ನಿಜವಾಗಿ ವ್ಯಕ್ತವಾಗಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ. ವ್ಯಕ್ತವಾಗಿದ್ದರೆ 'ಹೀಗಳೆದು ತಿರಸ್ಕರಿಸು', 'ತುಚ್ಛೀಕರಿಸು' ಎಂಬ ಪದಗಳು ಹೊಂದುತ್ತವೆ. ಇಲ್ಲವಾದರೆ 'ನಿರಾಕರಿಸು', 'ಒಪ್ಪದಿರು' ಎಂಬ ಪದಗಳೇ ಸಾಕು.