ಧರ್ಮಾಂಬುಧಿಯ ಅಂಗಳದಲ್ಲಿ ಪಾದಚಾರಿ

ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ರೈಲು, ಪರವೂರಿನ ಬಸ್ಸು, ನಗರದ ಬಸ್ಸು, ನೆಲದೊಳಗಿನ ಮೆಟ್ರೊ, ಈ ನಾಲ್ಕೂ ಕೂಗಳತೆಯ ದೂರದಲ್ಲಿ ಬಂದು ಸೇರುತ್ತವೆ. ಇವುಗಳಲ್ಲಿ ಒಂದರಿಂದ ಇಳಿದು ಇನ್ನೊಂದನ್ನು ಏರತಕ್ಕ ಮನುಷ್ಯನು, ಅವನು ಎಂತಹ ಶ್ರೀಮಂತನೇ ಆಗಿರಲಿ, ಎಷ್ಟೇ ದೂರದಿಂದ ಬಂದವನಾಗಿರಲಿ, ಆ ನಡುವಿನ ಸ್ವಲ್ಪ ಹೊತ್ತಿನ ಮಟ್ಟಿಗೆ ಕೇವಲ ಕಾಲ್ನಡಿಗೆಯವನಾಗಿರುತ್ತಾನೆ ಎಂಬ ಸಂಗತಿಯನ್ನು, ಈ ಸ್ಥಳಕ್ಕೆ ಕಾಲಕಾಲಕ್ಕೆ ರೂಪ ಕೊಟ್ಟವರು ಎಷ್ಟರ ಮಟ್ಟಿಗೆ ಲಕ್ಷ್ಯಕ್ಕೆ ತಂದುಕೊಂಡಿದ್ದರೆಂಬುದು ವಿಚಾರಾರ್ಹವಾದ ವಿಷಯ. ನಾಲ್ಕು ಶತಮಾನಗಳಿಗೂ ಮೀರಿದ ಇದರ ಚರಿತ್ರೆಯನ್ನು ಪಾದಚಾರಿಯ ಕಡೆಯಿಂದ ಓದಿದರೆ ಕೆಲವು ಅನಿರೀಕ್ಷಿತ ಸಂಗತಿಗಳು ಗೋಚರವಾಗುತ್ತವೆ.

ಮೊದಲು ಇಲ್ಲಿದ್ದದ್ದು ನೀರು. 1537ರಲ್ಲಿ ಪೇಟೆಯನ್ನು ಸ್ಥಾಪಿಸಿದ ಕೆಂಪೇಗೌಡನು ಕಟ್ಟಿಸಿದನೆಂದು ಪರಂಪರೆಯು ಹೇಳುವ ಧರ್ಮಾಂಬುಧಿ ಕೆರೆಯು ಕೋಟೆಯೊಳಗಿನ ಜನಕ್ಕೆ ಕುಡಿಯುವ ನೀರನ್ನು ಒದಗಿಸುತ್ತಿತ್ತು. ಕೆರೆಯ ಏರಿಯೆಂದರೆ ನೀರನ್ನು ತಡೆಯುವ ಕಟ್ಟೆ ಮಾತ್ರವೆಂದು ತಿಳಿಯುವವರು ನಮ್ಮ ಸೀಮೆಯ ಊರುಗಳನ್ನು ಕಂಡವರಲ್ಲ. ಏರಿಯೇ ದಾರಿ, ಏರಿಯ ಮೇಲೆ ಮರಗಳುಂಟು, ಅದರ ಅಂಚಿನಲ್ಲಿ ಊರನ್ನು ಕಾಯುವ ದೇವತೆಯುಂಟು, ದೇವತೆಯ ಗುಡಿಯ ಮುಂದೆ ಕುಳಿತು ದಣಿವಾರಿಸಿಕೊಳ್ಳಲು ಜಗಲಿಯುಂಟು. ಬೆಂಗಳೂರಿನ ಗ್ರಾಮದೇವತೆಯಾದ ಅಣ್ಣಮ್ಮನ ಗುಡಿ ಇಂದಿಗೂ ಈ ಪ್ರದೇಶದಲ್ಲಿಯೇ ಇದೆ. ಸುಬೇದಾರ್ ಛತ್ರದ ರಸ್ತೆಯೆಂಬ ಹೆಸರು ಅಲ್ಲೊಂದು ಛತ್ರವಿದ್ದುದನ್ನು ತಿಳಿಸುತ್ತದೆ. ಟ್ಯಾಂಕ್ ಬಂಡ್ ರಸ್ತೆಯೆಂಬ ಇನ್ನೊಂದು ಹೆಸರು, ಕೆರೆಯು ಹೋದ ಮೇಲೂ ಅದರ ಏರಿಯನ್ನು ಬಿಟ್ಟುಕೊಟ್ಟಿಲ್ಲ. ನಡೆದು ಬಂದವನಿಗೆ ಬೇಕಾದ ನೀರು, ನೆರಳು, ಕುಳಿತುಕೊಳ್ಳಲು ಎಡೆ, ಇರುಳು ತಂಗಲು ಮಾಡು, ಇವೆಲ್ಲವೂ ಯಾವ ನಕ್ಷೆಯ ನೆರವೂ ಇಲ್ಲದೆ ಇಲ್ಲಿ ಒಂದೆಡೆ ಸೇರಿದ್ದುವು. ಹಿಂದಿನವರು ನಮಗಿಂತ ಕರುಣಾಳುಗಳಾಗಿದ್ದರೆಂದು ನಾನು ಹೇಳಹೊರಟಿಲ್ಲ. ಬಹುಪಾಲು ಎಲ್ಲರೂ ನಡೆದೇ ಬರುತ್ತಿದ್ದ ಕಾಲದಲ್ಲಿ ನಡೆಯುವವನನ್ನು ಮರೆಯಲು ಅವಕಾಶವೇ ಇರಲಿಲ್ಲ.

ಮರೆವಿಗೆ ಅವಕಾಶವಾದದ್ದು ರೈಲಿನೊಡನೆ. 1864ರಲ್ಲಿ ಮದರಾಸಿನ ಕಡೆಯ ಹಳಿಯು ಬೆಂಗಳೂರಿನ ದಂಡಿನವರೆಗೆ ಬಂದು ನಿಂತಿತು. ಪೇಟೆಯವರಿಗೆ ಅದು ಇನ್ನೂ ದೂರದ ಮಾತೇ ಆಗಿತ್ತು. 1876ರಿಂದ 1878ರವರೆಗಿನ ಭೀಕರ ಕ್ಷಾಮವು ಮೈಸೂರು ಸೀಮೆಯನ್ನು ತಲ್ಲಣಗೊಳಿಸಿದಾಗ, ಹಸಿದವರಿಗೆ ಕೂಲಿ ಕೊಡುವುದಕ್ಕೂ, ಮುಂದೆ ಧಾನ್ಯವನ್ನು ಬೇಗ ಸಾಗಿಸುವುದಕ್ಕೂ ಉಪಾಯವೆಂದು ಮೈಸೂರಿನ ರೈಲುದಾರಿಯ ಕೆಲಸಕ್ಕೆ ಚಾಲನೆ ದೊರೆಯಿತು. 1882ರ ಹೊತ್ತಿಗೆ ಬೆಂಗಳೂರಿಗೂ ಮೈಸೂರಿಗೂ ಹಳಿ ಕೂಡಿತು. ಅದರ ಬೆಂಗಳೂರಿನ ನಿಲ್ದಾಣವು ಧರ್ಮಾಂಬುಧಿಯ ಮಗ್ಗುಲಲ್ಲಿಯೇ ನೆಲಸಿತು. ಕೆರೆಗೆ ನೀರನ್ನು ತರುತ್ತಿದ್ದ ಕಾಲುವೆಗಳಿಗೆ ಹಳಿಯ ದಿಬ್ಬಗಳೂ ಹೊಸ ಬಡಾವಣೆಗಳೂ ಅಡ್ಡವಾದುವು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳ ಮೂಲಕ ಊರೊಳಕ್ಕೆ ಹರಿದ ಮೇಲೆ ಕೆರೆಯ ನೀರನ್ನು ಕಾಪಾಡಬೇಕೆಂಬ ಆಸ್ಥೆಯೂ ಜನರಲ್ಲಿ ತಗ್ಗಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಧರ್ಮಾಂಬುಧಿಯು ಹೆಸರಿಗೆ ಮಾತ್ರ ಅಂಬುಧಿಯಾಗಿ, ವಸ್ತುತಃ ಬಯಲಾಗುತ್ತ ಬಂದಿತು.

ಈ ಸಂಧಿಕಾಲದಲ್ಲಿ ಇಲ್ಲಿ ಎದ್ದ ಒಂದು ಕಟ್ಟಡದ ವಿಷಯವಾಗಿ ತುಸು ನಿಧಾನವಾಗಿಯೇ ಹೇಳಬೇಕು. ಗುಬ್ಬಿಯಿಂದ ಬೆಂಗಳೂರಿಗೆ ಬಂದು, ಪೇಟೆಯಲ್ಲಿ ವ್ಯಾಪಾರ ಮಾಡಿ ಹಣವನ್ನೂ ಗೌರವವನ್ನೂ ಸಂಪಾದಿಸಿದ ತೋಟದಪ್ಪನವರು, ಮಕ್ಕಳಿಲ್ಲದ ತಮ್ಮ ಸಂಪತ್ತಿಗೆ ಸಾರ್ಥಕ್ಯವನ್ನು ಹುಡುಕುತ್ತ, ರೈಲು ನಿಲ್ದಾಣದ ಎದುರಿಗೇ ಜಾಗವನ್ನು ಕೊಂಡು, ಅಲ್ಲಿ ದಾರಿಗರಿಗಾಗಿ ಧರ್ಮಛತ್ರವನ್ನೂ ವಿದ್ಯಾರ್ಥಿಗಳಿಗಾಗಿ ನಿಲಯವನ್ನೂ ಕಟ್ಟಿಸಿದರು. 1903ರಲ್ಲಿ ಅದು ನಾಲ್ವಡಿ ಕೃಷ್ಣರಾಜ ಒಡೆಯರ ಹಸ್ತದಿಂದ ಆರಂಭವಾಯಿತು. ತೋಟದಪ್ಪನವರ ದಾನಗುಣವನ್ನು ಕೊಂಡಾಡಿದವರು ಅನೇಕರು. ಆದರೆ ನನಗೆ ಅದಕ್ಕಿಂತ ಹೆಚ್ಚು ಕೌತುಕವನ್ನುಂಟುಮಾಡುವುದು ಆ ವ್ಯಾಪಾರಿಯ ಸ್ಥಳನಿರ್ಣಯ. ಪುಣ್ಯಕ್ಕಾಗಿ ಕಟ್ಟುವವನು ತೀರ್ಥಕ್ಷೇತ್ರದಲ್ಲಿ ಕಟ್ಟಬಹುದಾಗಿತ್ತು, ಕೀರ್ತಿಗಾಗಿ ಕಟ್ಟುವವನು ಪೇಟೆಯ ನಡುಬೀದಿಯಲ್ಲಿ ಕಟ್ಟಬಹುದಾಗಿತ್ತು. ಇವರೋ, ಅಪರಿಚಿತವಾದ ಊರಿಗೆ ಬಂದಿಳಿದು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು, ಕೈಯಲ್ಲಿ ಅಲ್ಪಸ್ವಲ್ಪ ಕಾಸು ಇರುವ ಕುಟುಂಬವೊಂದು ನಿಲ್ದಾಣದ ಬಾಗಿಲಿನಿಂದ ಹೊರಗೆ ಕಾಲಿಟ್ಟೊಡನೆ ಎತ್ತ ನೋಡುವುದೋ ಅತ್ತ ಕಟ್ಟಿದರು. ಇಳಿದವನು ಜಟಕಾದವನೊಡನೆ ಚೌಕಾಸಿ ಮಾಡುವ ಮೊದಲೇ ಅವನಿಗೊಂದು ನೆಲೆ ಕಾಣಬೇಕು, ಅಲ್ಲಿಗೆ ಅವನು ತನ್ನ ಕಾಲಿನ ಮೇಲೆಯೇ ಹೋಗಲು ಸಾಧ್ಯವಾಗಬೇಕು ಎಂಬ ಲೆಕ್ಕಾಚಾರ ಆ ಸ್ಥಳದಲ್ಲಿಯೇ ಅಡಗಿದೆ. ನಗರಯೋಜನೆಯ ಪದವಿಯನ್ನು ಪಡೆಯದ ಈ ಮನುಷ್ಯನು ನಿಲ್ದಾಣವೆಂಬುದು ರೈಲಿನ ಕೊನೆಯಲ್ಲಿ ಮುಗಿಯದೆ, ಇಳಿದವನ ಮೊದಲ ನೂರು ಹೆಜ್ಜೆಗಳನ್ನೂ ಒಳಗೊಂಡಿರುತ್ತದೆಂದು ಅರಿತಿದ್ದನು. ಈ ಪ್ರದೇಶದಲ್ಲಿ ಅವನ ತರುವಾಯ ಕಟ್ಟಿದವರಲ್ಲಿ ಈ ಅರಿವು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ನಿಲ್ದಾಣದ ಮುಂದಿನ ರಸ್ತೆಗೆ ಅವನ ಹೆಸರನ್ನೇ ಇಟ್ಟಿದ್ದಾರೆ. ಆ ರಸ್ತೆಯನ್ನು ದಾಟುವುದು ಇಂದು ಎಷ್ಟು ಕಷ್ಟವೆಂಬುದನ್ನು ದಾಟಿದವರೇ ಬಲ್ಲರು.

ಕೆರೆಯು ಬತ್ತಿದ ಮೇಲೆ ಉಳಿದ ಬಯಲು ಸುಭಾಷನಗರವೆಂಬ ಹೆಸರಿನ ಮೈದಾನವಾಗಿ ಕೆಲವು ಕಾಲ ಬಾಳಿತು. ಅತ್ತ ಕೆಂಪೇಗೌಡ ರಸ್ತೆಯ ಉದ್ದಕ್ಕೂ ಚಿತ್ರಮಂದಿರಗಳು ಒಂದರ ಪಕ್ಕದಲ್ಲೊಂದು ತಲೆಯೆತ್ತಿದುವು; ಅವುಗಳಲ್ಲಿ ಮೆಜೆಸ್ಟಿಕ್ ಎಂಬುದು ತಾನು ಕಣ್ಮರೆಯಾಗುವ ಮೊದಲು ಇಡೀ ಪ್ರದೇಶಕ್ಕೆ ತನ್ನ ಹೆಸರನ್ನು ಬಿಟ್ಟುಹೋಯಿತು. ಸರಕಾರವು ಏನೇ ನಾಮಕರಣ ಮಾಡಲಿ, ಕಂಡಕ್ಟರು ಕೂಗುವುದು ಆ ಹೆಸರನ್ನೇ. ಪಾದಚಾರಿಗೆ ಮೈದಾನದಂತಹ ಅನುಕೂಲ ಮತ್ತೊಂದಿಲ್ಲ: ಯಾವ ಮೂಲೆಯಿಂದ ಯಾವ ಮೂಲೆಗೆ ಬೇಕಾದರೂ ನೇರವಾಗಿ ನಡೆಯಬಹುದು. ನೆಲವು ಸಮತಟ್ಟು, ಕಾಲ್ದಾರಿಯು ನಡೆಯುವವರ ಇಚ್ಛೆಯಿಂದಲೇ ಮೂಡತಕ್ಕದ್ದು.

ಬಸ್ಸುಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯು ನಗರದೊಳಗೆ ಬಸ್ಸುಗಳನ್ನು ಓಡಿಸಲಾರಂಭಿಸಿತು. 1948ರಲ್ಲಿ ಮೈಸೂರು ಸರಕಾರವೇ ಪರವೂರುಗಳಿಗೆ ಬಸ್ಸು ಬಿಟ್ಟಿತು. 1961ರಲ್ಲಿ ಅದು ನಿಗಮವಾಯಿತು. 1997ರಲ್ಲಿ ನಗರದ ಬಸ್ಸುಗಳಿಗೆ ಪ್ರತ್ಯೇಕವಾದ ಸಂಸ್ಥೆ ಏರ್ಪಟ್ಟಿತು. ಊರು ಬೆಳೆದಂತೆ ಇಷ್ಟೊಂದು ಬಸ್ಸುಗಳಿಗೆ ಒಂದು ತಾಣ ಬೇಕಾದಾಗ, ರೈಲಿನೆದುರಿಗೆ ಖಾಲಿಬಿದ್ದಿದ್ದ ಕೆರೆಯಂಗಳಕ್ಕಿಂತ ಯೋಗ್ಯವಾದ ಸ್ಥಳವು ಸಿಕ್ಕುವ ಹಾಗಿರಲಿಲ್ಲ. ಹೀಗೆ ಕೆರೆಯನ್ನು ಕಟ್ಟಿಸಿದವನ ಹೆಸರಿನ ಬಸ್ ನಿಲ್ದಾಣವು ಅವನ ಕೆರೆಯ ತಳದಲ್ಲಿಯೇ ಎದ್ದಿತು.

ಆಯ್ಕೆಯಲ್ಲಿ ದೋಷವಿಲ್ಲ, ವಿನ್ಯಾಸದಲ್ಲಿ ಒಂದು ಪಕ್ಷಪಾತವುಂಟು. ಬಸ್ಸು ದೊಡ್ಡ ದೇಹದ ವಾಹನ. ಅದಕ್ಕೆ ಹೊರಳಲು ವಿಶಾಲವಾದ ಎಡೆ ಬೇಕು, ಒಳಕ್ಕೆ ಒಂದು ದಾರಿ, ಹೊರಕ್ಕೆ ಒಂದು ದಾರಿ ಬೇಕು, ಹಿಂದಕ್ಕೆ ಸರಿಯುವಾಗ ಅಡ್ಡ ಬರುವವರು ಇರಬಾರದು. ಈ ಅವಶ್ಯಕತೆಗಳು ನ್ಯಾಯವಾದವುಗಳೇ. ಆದರೆ ಅವುಗಳನ್ನು ಪೂರೈಸುವುದಕ್ಕಾಗಿ ಸಮನೆಲವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ, ಮನುಷ್ಯನಿಗೆ ಮೇಲ್ಸೇತುವೆಯನ್ನೂ ಸುರಂಗದಾರಿಯನ್ನೂ ಕೊಟ್ಟದ್ದು, ಮದುವೆಗೆ ಬಂದ ನೆಂಟರನ್ನು ಹಿತ್ತಲಿಗೆ ಕಳುಹಿಸಿ ಅವರು ಬಂದ ಗಾಡಿಗಳನ್ನು ಚಪ್ಪರದಲ್ಲಿ ಕೂರಿಸಿದಂತಾಯಿತು. ಮೆಟ್ಟಿಲನ್ನು ಇಳಿದು ಏರುವುದು ಮೊಣಕಾಲು ಗಟ್ಟಿಯಾಗಿರುವವನಿಗೆ ದೊಡ್ಡ ಮಾತಲ್ಲ. ಪೆಟ್ಟಿಗೆ ಹೊತ್ತವನಿಗೆ, ಬಸುರಿಗೆ, ಮುದುಕಿಗೆ, ಊರುಗೋಲಿನವನಿಗೆ ಅದೇ ಇಡೀ ಪ್ರಯಾಣದಲ್ಲಿ ಕಠಿಣವಾದ ಭಾಗ. ಮೇಲಾಗಿ ಕೆರೆಯಂಗಳವು ಸ್ವಭಾವತಃ ತಗ್ಗು. ತಗ್ಗಿನಲ್ಲಿ ಇನ್ನಷ್ಟು ತಗ್ಗಾಗಿ ತೋಡಿದ ದಾರಿಗೆ ಮಳೆಗಾಲದಲ್ಲಿ ನೀರು ತನ್ನ ಹಳೆಯ ಹಕ್ಕನ್ನು ಜ್ಞಾಪಿಸಲು ಬಾರದಿರುವುದೆ? ಆದರೂ ಒಂದು ಮಾತನ್ನು ಒಪ್ಪಬೇಕು: ಸುರಂಗದಾರಿಯ ಅಂಚಿನಲ್ಲಿ ಬಾಚಣಿಗೆ, ಬೀಗ, ಬನಿಯನ್ನುಗಳನ್ನು ಹರಡಿಕೊಂಡು ಕುಳಿತವರು, ಅಡಚಣೆಯೆಂದು ಕೆಲವರಿಗೆ ತೋರಿದರೂ, ಆ ನಿರ್ಜನವಾಗಬಹುದಾಗಿದ್ದ ದಾರಿಗೆ ಕಣ್ಣುಗಳನ್ನು ಒದಗಿಸಿದ್ದಾರೆ. ಇರುಳು ಒಬ್ಬಳೇ ನಡೆಯುವ ಹೆಂಗಸಿಗೆ ಅಂಗಡಿಯ ದೀಪವು ಪೊಲೀಸಿನವನಷ್ಟೇ ಉಪಕಾರಿ.

ಈ ಪಕ್ಷಪಾತವು ಇಲ್ಲಿಗಷ್ಟೇ ಸೀಮಿತವಲ್ಲ: ನಗರದ ಬಸ್ಸಿನ ಸಂಸ್ಥೆಯು ಶಾಂತಿನಗರ, ಜಯನಗರ, ವಿಜಯನಗರ ಮೊದಲಾದ ಕಡೆಗಳಲ್ಲಿ ಕಟ್ಟಿಸಿದ ಬಹುಮಹಡಿಯ ಸಂಚಾರ ಕೇಂದ್ರಗಳಲ್ಲಿಯೂ ಕಾರು ನಿಲ್ಲಿಸುವುದಕ್ಕೂ ಅಂಗಡಿ ಕಚೇರಿಗಳಿಗೂ ಮಹಡಿಗಳು ದೊರೆತಷ್ಟು ಧಾರಾಳವಾಗಿ ಬಸ್ಸಿಗೆ ಕಾಯುವವನಿಗೆ ಬೆಂಚು ದೊರೆತಿಲ್ಲ.

ಮೆಟ್ರೊ ಬಂದದ್ದು ಕೊನೆಗೆ. 2016ರಲ್ಲಿ ಪೂರ್ವಪಶ್ಚಿಮದ ನೇರಳೆ ದಾರಿಯೂ 2017ರಲ್ಲಿ ಉತ್ತರದಕ್ಷಿಣದ ಹಸಿರು ದಾರಿಯೂ ಮೆಜೆಸ್ಟಿಕ್ಕಿನ ನೆಲದಡಿಯಲ್ಲಿ ಒಂದನ್ನೊಂದು ಹಾದುವು. ಆ ನಿಲ್ದಾಣಕ್ಕೂ ನಾಡಪ್ರಭು ಕೆಂಪೇಗೌಡನ ಹೆಸರೇ ಸಂದಿತು. ಇಲ್ಲಿ ತೋಟದಪ್ಪನ ತರುವಾಯ ಮೊದಲ ಬಾರಿಗೆ ನಡೆಯುವವನನ್ನು ಗಣನೆಗೆ ತಂದುಕೊಂಡ ಕುರುಹುಗಳು ವಿಪುಲವಾಗಿ ಕಾಣುತ್ತವೆ: ಲಿಫ್ಟು, ಚಲಿಸುವ ಮೆಟ್ಟಿಲು, ದೃಷ್ಟಿಹೀನರಿಗೆ ದಾರಿ ತೋರುವ ಉಬ್ಬುಗೆರೆಯ ಹಾಸು, ಬಣ್ಣಬಣ್ಣದ ಸೂಚನಾಫಲಕ. ಆದರೆ ಈ ಸೌಜನ್ಯವು ಮೆಟ್ರೊದ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ. ಹೊಸ್ತಿಲನ್ನು ದಾಟಿದರೆ ಮುಂದಿನ ನೆಲ ಬೇರೊಬ್ಬರದು. ರೈಲಿನವರದೊಂದು ಎಲ್ಲೆ, ರಾಜ್ಯದ ಬಸ್ಸಿನವರದೊಂದು, ನಗರದ ಬಸ್ಸಿನವರದೊಂದು, ರಸ್ತೆಯ ಮಟ್ಟಿಗೆ ಪಾಲಿಕೆಯದೊಂದು. ಪ್ರತಿಯೊಬ್ಬರೂ ತಮ್ಮ ಎಲ್ಲೆಯೊಳಗೆ ತಕ್ಕಮಟ್ಟಿಗೆ ಒಳ್ಳೆಯ ಕೆಲಸವನ್ನೇ ಮಾಡಿರಬಹುದು. ಎಲ್ಲೆಗಳ ನಡುವೆ ನಡೆಯುವವನು ಮಾತ್ರ ಯಾರ ಕಡತದಲ್ಲಿಯೂ ಇಲ್ಲ. ಈ ಸ್ಥಳದ ರೋಗಮೂಲವು ಸ್ಥಳದ ಅಭಾವವಲ್ಲ, ಹಣದ ಅಭಾವವೂ ಅಲ್ಲ, ಈ ಒಡೆತನದ ಹಂಚಿಕೆ ಎಂದು ನನ್ನ ದೃಢವಾದ ಅಭಿಪ್ರಾಯ. ತೋಟದಪ್ಪನು ಕಟ್ಟಿದ್ದು ಸ್ವಂತ ಜಾಗದಲ್ಲಿ. ಆದರೂ ಅವನ ದೃಷ್ಟಿಯಿದ್ದದ್ದು ತನ್ನ ಜಾಗಕ್ಕೂ ಪರರ ಜಾಗಕ್ಕೂ ನಡುವೆ ಇದ್ದ ದಾರಿಯ ಮೇಲೆ.

ಕೆಂಪೇಗೌಡ ಬಸ್ ನಿಲ್ದಾಣವನ್ನು ಹೊಸದಾಗಿ ಕಟ್ಟಬೇಕೆಂಬ ಮಾತು ಸರಕಾರದ ಮಟ್ಟದಲ್ಲಿ ಈಗ ಮತ್ತೆ ಕೇಳಿಬರುತ್ತಿದೆ. ಆ ಕಾರ್ಯವನ್ನು ವಹಿಸಿಕೊಳ್ಳತಕ್ಕ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮಹಡಿಗಳ ಸಂಖ್ಯೆಯನ್ನು ನಿಶ್ಚಯಿಸುವುದಕ್ಕೆ ಮೊದಲು, ಮೈಸೂರಿನ ರೈಲಿನಿಂದ ಇಳಿದು ತುಮಕೂರಿನ ಬಸ್ಸನ್ನು ಹತ್ತಬೇಕಾದ ವೃದ್ಧೆಯೊಬ್ಬಳ ಹಾದಿಯನ್ನು ನಕ್ಷೆಯ ಮೇಲೆ ಎಳೆಯಿರಿ, ಆ ಹಾದಿಯು ಎಲ್ಲಿಯೂ ಮೆಟ್ಟಿಲನ್ನು ಬೇಡದೆ, ನೆರಳನ್ನು ತಪ್ಪದೆ, ಸಮನೆಲದ ಮೇಲೆಯೇ ಸಾಗುವಂತೆ ಮಾಡಿ, ಬಸ್ಸುಗಳ ದಾರಿಯನ್ನು ಆಮೇಲೆ ಗೊತ್ತುಮಾಡಿರಿ.