ಮುನ್ನೂರು ಮೀಟರ್ ರಾಂಗ್ ಸೈಡು ಮತ್ತು ನಮ್ಮ ಮಾಣಿ ರಸ್ತೆಯ ಚರಿತ್ರೆ

ಇವತ್ತಿನ ಬರಹ ಕೊಳೆರೋಗದ ಬಗ್ಗೆ ಅಲ್ಲ, ಕರಿಮೆಣಸಿನ ಬಗ್ಗೆಯೂ ಅಲ್ಲ. ರಸ್ತೆಯ ಬಗ್ಗೆ. ಸ್ವಲ್ಪ ಉದ್ದ ಉಂಟು, ಪುರ್ಸೊತ್ತು ಮಾಡಿಕೊಂಡು ಓದಿ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ನಮ್ಮ ಮನೆ ಮಾಣಿ ಪೇಟೆಯಿಂದ ಸ್ವಲ್ಪ ಉಪ್ಪಿನಂಗಡಿ ಕಡೆಗೆ. ಹಾಲು ಕೊಡುವ ಸೊಸೈಟಿ ನಮ್ಮದೇ ಬದಿಯಲ್ಲಿ, ಮುನ್ನೂರು ಮೀಟರ್ ಪೇಟೆ ಕಡೆಗೆ. ರಸ್ತೆ ಚತುಷ್ಪಥ ಆದ ಮೇಲೆ ಅಲ್ಲಿಗೆ ಕ್ರಮದಲ್ಲಿ ಹೋಗಬೇಕಾದರೆ ಮೊದಲು ಉಲ್ಟಾ ದಿಕ್ಕಿಗೆ ಹೋಗಿ, ಡಿವೈಡರ್ ಬಿಟ್ಟಲ್ಲಿ ತಿರುಗಿ, ಆಚೆ ಬದಿಯಲ್ಲಿ ಪೇಟೆವರೆಗೆ ಬಂದು, ಮತ್ತೆ ತಿರುಗಬೇಕು. ಎರಡು ಕಿಲೋಮೀಟರ್ ಆಗುತ್ತದೆ. ಮುನ್ನೂರು ಮೀಟರಿಗೆ ಎರಡು ಕಿಲೋಮೀಟರ್ ಯಾರು ಸುತ್ತುತ್ತಾರೆ ಮಾರಾಯ್ರೆ? ಸ್ಕೂಟರಿನಲ್ಲಿ ಕ್ಯಾನ್ ಇಟ್ಟು ರಾಂಗ್ ಸೈಡಿನಲ್ಲೇ ಹೋಗುತ್ತಿದ್ದೆ. ಒಂದೆರಡು ದಿನ ಅಲ್ಲ, ತಿಂಗಳುಗಟ್ಟಲೆ.

ಕಳೆದ ಆಟಿಯಲ್ಲಿ ಒಂದು ಬೆಳಿಗ್ಗೆ, ಬೆಳಕು ಸರಿಯಾಗಿ ಹರಿದಿರಲಿಲ್ಲ, ಜೋರು ಮಳೆ. ಎದುರಿನಿಂದ ಬಸ್ಸು ಬಂತು. ಅವನಿಗೆ ನಾನು ಕಂಡದ್ದು ಕೊನೆಯ ಗಳಿಗೆಯಲ್ಲಿ. ನಾನು ಸ್ಕೂಟರನ್ನು ಚರಂಡಿಗೆ ಇಳಿಸಿದೆ. ಮೊಣಕೈ ತರಚಿತು, ಏಳು ಲೀಟರ್ ಹಾಲು ಮಣ್ಣುಪಾಲಾಯಿತು. ಸೊಸೈಟಿಯಲ್ಲಿದ್ದವರು “ಆ ಬಸ್ಸಿನವರಿಗೆ ಸ್ಪೀಡು ಜಾಸ್ತಿ” ಅಂದರು. ನಾನೂ ಹೌದು ಹೌದು ಅಂತ ತಲೆ ಆಡಿಸಿದೆ. ರಾತ್ರಿ ಮಲಗಿದರೆ ನಿದ್ರೆ ಬರಲಿಲ್ಲ. ಅವನು ಅವನ ಬದಿಯಲ್ಲಿಯೇ ಇದ್ದ. ತಪ್ಪು ಬದಿಯಲ್ಲಿ ಇದ್ದದ್ದು ನಾನು. ಆದರೂ ನಾನು ಸತ್ತಿದ್ದರೆ ಪೇಪರಿನಲ್ಲಿ ಬರುತ್ತಿದ್ದದ್ದು “ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ” ಅಂತಲೇ.

ಆ ವಾಕ್ಯ ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧ ತಿಳಿಯಬೇಕಾದರೆ ಈ ರಸ್ತೆಯ ಕಥೆ ನೋಡಬೇಕು.

ನಮ್ಮ ಮಾಣಿ ಎರಡು ದೊಡ್ಡ ರಸ್ತೆ ಕೂಡುವ ಜಾಗ. ಮಂಗಳೂರಿನಿಂದ ಬಂದದ್ದು ಇಲ್ಲಿ ಕವಲಾಗುತ್ತದೆ. ಒಂದು ಉಪ್ಪಿನಂಗಡಿ, ಶಿರಾಡಿ, ಸಕಲೇಶಪುರ, ಹಾಸನದ ಮೇಲೆ ಬೆಂಗಳೂರಿಗೆ. ಅದು ಮೊದಲು 48, ಈಗ ರಾಷ್ಟ್ರೀಯ ಹೆದ್ದಾರಿ 75. ಇನ್ನೊಂದು ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ, ಮೈಸೂರಿನ ಮೇಲೆ ಅದೇ ಬೆಂಗಳೂರಿಗೆ. ಅದು ಈಗ 275.

ನಾನು ಸಣ್ಣವನಿರುವಾಗ ಇದು ನಮ್ಮ ರಸ್ತೆ. ಬಸ್ಸಿನ ಸದ್ದು ಕೇಳಿದ ಮೇಲೆ ದನವನ್ನು ಬದಿಗೆ ಎಬ್ಬಿಸಿದರೆ ಸಾಕಿತ್ತು. ಅಂಗಡಿ, ಹೋಟೆಲು, ಶಾಲೆ, ಮನೆ ಎಲ್ಲ ರಸ್ತೆಗೆ ಮುಖ ಮಾಡಿ ಕೂತದ್ದು ಅದಕ್ಕೇ. ರಸ್ತೆ ಹತ್ತಿರ ಇದ್ದಷ್ಟು ಒಳ್ಳೆಯದು ಅಂತ ಲೆಕ್ಕ. ರಸ್ತೆ ಬದಿಯ ಜಾಗಕ್ಕೆ ಆಗಲೇ ರೇಟು ಹೆಚ್ಚು.

ಆದರೆ ಆಗಲೇ ರಸ್ತೆಯ ಯಜಮಾನ ಬದಲಾಗಿದ್ದ, ನಮಗೆ ಗೊತ್ತಾಗಿರಲಿಲ್ಲ ಅಷ್ಟೇ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಹಿಂದೆಯೇ ಗೊಬ್ಬರದ ಕಾರ್ಖಾನೆ ಬಂತು, 1990ರ ದಶಕದಲ್ಲಿ ತೈಲ ಶುದ್ಧೀಕರಣ ಬಂತು. ಬಂದರಿಗೆ ಇಳಿದ ಸಾಮಾನು ಘಟ್ಟ ಹತ್ತಬೇಕು, ಘಟ್ಟದ ಮೇಲಿನದ್ದು ಬಂದರಿಗೆ ಇಳಿಯಬೇಕು. ನಡುವೆ ನಮ್ಮ ಮಾಣಿ.

1979ರಲ್ಲಿ ಮಂಗಳೂರು-ಹಾಸನ ರೈಲು ಶುರುವಾಯಿತು, ಮೀಟರ್ ಗೇಜು. ರಸ್ತೆಯ ಮೇಲಿನ ಭಾರ ಸ್ವಲ್ಪ ಆಚೆ ಹೋಯಿತು. ಆದರೆ 1996ರಲ್ಲಿ ಬ್ರಾಡ್ ಗೇಜ್ ಮಾಡಲಿಕ್ಕೆ ಅಂತ ನಿಲ್ಲಿಸಿದರು. ಘಾಟಿಯಲ್ಲಿ ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಪ್ಯಾಸೆಂಜರ್ ಬಂದದ್ದು 2007ರ ಕೊನೆಗೆ. ಅಂದರೆ ಹತ್ತು ವರ್ಷ ಎಲ್ಲವೂ ಡಾಮರಿನ ಮೇಲೆಯೇ. ಅದೇ ಹೊತ್ತಿಗೆ ಹೊಸಪೇಟೆ, ಸಂಡೂರು ಕಡೆಯ ಅದಿರಿನ ಲಾರಿಗಳು. ರಾತ್ರಿ ಹಗಲು ಸಾಲು. ಶಿರಾಡಿಯಲ್ಲಿ ರಸ್ತೆ ಅಂತ ಉಳಿಯಲೇ ಇಲ್ಲ, ಹೊಂಡ ಮಾತ್ರ. ಹೊಂಡ ತಪ್ಪಿಸಲಿಕ್ಕೆ ಲಾರಿ ಬಲಕ್ಕೆ ಬರುವುದು, ಎದುರಿನ ಬೈಕಿನವನು ಗುಂಡಿಗೆ ಇಳಿಯುವುದು. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಸಾಲು ಕಡಿಮೆಯಾಯಿತು. ಡ್ರೈವರುಗಳಿಗೆ ಒಂದೇ ದಿನದಲ್ಲಿ ಬುದ್ಧಿ ಬಂದದ್ದಲ್ಲ. ಲಾರಿಯೇ ಇಲ್ಲದೆ ಹೋದದ್ದು.

ಆ ಕಾಲದ ಒಂದು ದಿನ ನನಗೆ ಮರೆಯುವುದಿಲ್ಲ. ಪೇಟೆಯ ಹತ್ತಿರ ಸೈಕಲಿನವರೊಬ್ಬರಿಗೆ ಲಾರಿ ತಾಗಿತು. ನಾವು ಇಪ್ಪತ್ತು ಮೂವತ್ತು ಜನ ಸುತ್ತ ನಿಂತೆವು. ಜೀಪು ಇತ್ತು, ಡ್ರೈವರು ರೆಡಿ ಇದ್ದ, ಜೊತೆಗೆ ಹೋಗುವವರು ಯಾರು ಅಂತ ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಸ್ಟೇಷನ್ನು, ಕೋರ್ಟು, ಸಾಕ್ಷಿ, ಅಲೆದಾಟ. ನಾನೂ ಹತ್ತಲಿಲ್ಲ. ಕೊನೆಗೆ ಹತ್ತಿದ್ದು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗ. ಗಾಯಾಳು ಉಳಿದರು, ನನ್ನ ಪುಣ್ಯ. ಇವತ್ತಿಗೂ ಅವರು ಎದುರು ಸಿಕ್ಕಿದರೆ ನನಗೆ ಮುಖ ಎತ್ತಲಿಕ್ಕೆ ಆಗುವುದಿಲ್ಲ. ಅವರಿಗೆ ಈ ವಿಷಯ ಗೊತ್ತೂ ಇಲ್ಲ.

2008ರ ನವೆಂಬರ್ 1ರಿಂದ 108 ಆಂಬುಲೆನ್ಸ್ ಬಂತು. 2016ರಲ್ಲಿ ಸುಪ್ರೀಂ ಕೋರ್ಟು, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ವಿಳಾಸ ಹೇಳಲು ಬಲವಂತ ಮಾಡಬಾರದು, ಅವರಿಗೆ ತೊಂದರೆ ಕೊಡಬಾರದು ಅಂತ ತೀರ್ಪು ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಗೇ ಸೇರಿದೆ. ಇದನ್ನು ನಿಮ್ಮ ಮನೆಯ ಮಕ್ಕಳಿಗೆ ಹೇಳಿ. ನಮ್ಮ ಪ್ರಾಯದವರಿಗೆ ಹಳೆಯ ಹೆದರಿಕೆ ಇನ್ನೂ ಹೋಗಿಲ್ಲ.

ಈಗ ಪೆರ್ನೆ. ಹೊರಗಿನವರಿಗೆ ಹೇಳುವುದಾದರೆ, ಪೆರ್ನೆ ಮಾಣಿಯಿಂದ ಉಪ್ಪಿನಂಗಡಿಗೆ ಹೋಗುವಾಗ ಸಿಗುವ ಊರು. 2013ರ ಏಪ್ರಿಲ್ 9, ಬೆಳಿಗ್ಗೆ. ನಾನು ತೋಟಕ್ಕೆ ನೀರು ಬಿಡುತ್ತಿದ್ದೆ. ಅಡುಗೆ ಗ್ಯಾಸಿನ ಬುಲೆಟ್ ಟ್ಯಾಂಕರ್ ಮಗುಚಿ ಬೆಂಕಿ ಹಿಡಿಯಿತು ಅಂತ ಸುದ್ದಿ ಬಂತು. ಜನ, ಮನೆ, ವಾಹನ, ರಸ್ತೆ ಬದಿಯ ಮರ ಎಲ್ಲ ಸುಟ್ಟುಹೋಯಿತು. ಸತ್ತವರಲ್ಲಿ ರಸ್ತೆಯಲ್ಲಿ ಇದ್ದವರು ಮಾತ್ರ ಅಲ್ಲ, ತಮ್ಮ ಪಾಡಿಗೆ ಮನೆಯಲ್ಲಿ ಇದ್ದವರೂ ಇದ್ದರು. ಏಳೆಂಟು ತಿಂಗಳು ಮೊದಲೇ, 2012ರ ಆಗಸ್ಟ್ 27ರ ರಾತ್ರಿ, ಕಣ್ಣೂರಿನ ಹತ್ತಿರ ಚಾಲದಲ್ಲಿ ಇಂಥದ್ದೇ ಟ್ಯಾಂಕರ್ ಮಗುಚಿ 20 ಜನ ತೀರಿಕೊಂಡಿದ್ದರು. ನಾವು ಅದನ್ನು ಕೇರಳದ ಸುದ್ದಿ ಅಂತ ಓದಿ ಪೇಪರ್ ಮಡಚಿ ಇಟ್ಟಿದ್ದೆವು.

ಬುಲೆಟ್ ಟ್ಯಾಂಕರ್ ಯಾಕೆ ಅಷ್ಟು ಅಪಾಯ? ಒಳಗೆ ಇರುವುದು ದ್ರವ. ತಿರುವಿನಲ್ಲಿ ಅದು ಒಂದು ಬದಿಗೆ ವಾಲುತ್ತದೆ. ತುಂಬಿದ ಕ್ಯಾನ್ ತಲೆಯ ಮೇಲೆ ಹೊತ್ತು ಓಡಿ ನೋಡಿ, ಗೊತ್ತಾಗುತ್ತದೆ. ಟ್ಯಾಂಕ್ ಎತ್ತರದಲ್ಲಿ ಇರುವುದರಿಂದ ಸ್ವಲ್ಪ ಸ್ಪೀಡು ಹೆಚ್ಚಾದರೂ ಮಗುಚುತ್ತದೆ. ಸೋರಿದ ಗ್ಯಾಸು ಮೇಲೆ ಹೋಗುವುದಿಲ್ಲ, ಗಾಳಿಗಿಂತ ಭಾರ. ನೆಲಕ್ಕೆ ಅಂಟಿಕೊಂಡು ಚರಂಡಿ, ಗದ್ದೆ, ತಗ್ಗಿನ ಮನೆಯಂಗಳಕ್ಕೆ ಹರಿಯುತ್ತದೆ. ಎಲ್ಲೋ ಒಂದು ಒಲೆ ಉರಿಯುತ್ತಿದ್ದರೆ ಮುಗಿಯಿತು. ನಮ್ಮ ಊರಿನಲ್ಲಿ ರಸ್ತೆ ಗುಡ್ಡ ಕಡಿದು ಎತ್ತರದಲ್ಲಿ, ಮನೆ ತೋಟ ತಗ್ಗಿನಲ್ಲಿ. ಲೆಕ್ಕ ಹಾಕಿ.

ಪೆಟ್ರೋಲ್ ಡೀಸೆಲಿಗೆ ಮಂಗಳೂರು-ಹಾಸನ-ಬೆಂಗಳೂರು ಪೈಪ್‌ಲೈನ್ 2003ರಲ್ಲೇ ಆಗಿತ್ತು. ಅಡುಗೆ ಗ್ಯಾಸಿಗೆ ಹಾಸನ, ಮೈಸೂರಿನ ಕಡೆಗೆ ಪೈಪ್‌ಲೈನ್ ಬಂದದ್ದು ಪೆರ್ನೆಯ ನಂತರ. ಪೈಪ್ ಹಾಕುವಾಗ ಕೃಷಿಕರಾದ ನಾವು ಜಾಗ ಹೋಗುತ್ತದೆ ಅಂತ ಬೊಬ್ಬೆ ಹಾಕಿದ್ದೂ ಉಂಟು, ಆ ಬೊಬ್ಬೆಗೆ ಕಾರಣವೂ ಇತ್ತು. ಆದರೆ ಪೈಪಿನಲ್ಲಿ ಹೋದ ಗ್ಯಾಸು ತಿರುವಿನಲ್ಲಿ ಮಗುಚುವುದಿಲ್ಲ, ಅದನ್ನೂ ಒಪ್ಪಬೇಕು.

ಇನ್ನು 275ರ ಕಥೆ. ನಮ್ಮ ಮಾಣಿಯಲ್ಲಿ ಶುರುವಾಗುವ ಇದೇ ರಸ್ತೆಯ ಆಚೆ ತುದಿ ಮೈಸೂರು-ಬೆಂಗಳೂರು ಹೆದ್ದಾರಿ. 2023ರ ಮಾರ್ಚ್ 12ಕ್ಕೆ ಉದ್ಘಾಟನೆ. ಕನ್ನಡಿಯಂಥ ರಸ್ತೆ, ಮೊದಲ ತಿಂಗಳುಗಳಲ್ಲಿ ಸಾಲು ಸಾಲು ಹೆಣ. ಆಮೇಲೆ ಏನು ಮಾಡಿದರು? ಗಂಟೆಗೆ 100 ಕಿ.ಮೀ. ಮಿತಿ ಬಿಗಿ ಮಾಡಿದರು, ಕ್ಯಾಮೆರಾ ಇಟ್ಟರು, 2023ರ ಆಗಸ್ಟ್ 1ರಿಂದ ಬೈಕು, ರಿಕ್ಷಾ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಕಳಿಸಿದರು. ಮರುವರ್ಷ ಸಾವು ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಅದೇ ಜನ, ಅದೇ ಕಾರು, ಅದೇ ಡ್ರೈವರು.

ದೇಶದ ಲೆಕ್ಕ ನೋಡಿದರೂ ಹಾಗೆಯೇ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಸಾವಿನ ನೂರರಲ್ಲಿ 71ಕ್ಕೆ ಅತಿವೇಗ ಕಾರಣ ಅಂತ ಕೇಂದ್ರ ಸರಕಾರದ ವರದಿ. ರಾಷ್ಟ್ರೀಯ ಹೆದ್ದಾರಿಗಳ ಉದ್ದ ದೇಶದ ಒಟ್ಟು ರಸ್ತೆಯ ನೂರರಲ್ಲಿ ಎರಡು ಪಾಲು, ಸಾವು ಮಾತ್ರ ನೂರರಲ್ಲಿ 36. ಹೆದ್ದಾರಿಗೆ ಬಂದ ಕೂಡಲೇ ಡ್ರೈವರುಗಳೆಲ್ಲ ಕೆಟ್ಟವರಾಗುತ್ತಾರಾ? ಇಲ್ಲ. ಅಲ್ಲಿ ಸ್ಪೀಡು ಬರುತ್ತದೆ, ಮತ್ತು ಅದೇ ರಸ್ತೆಗೆ ನಾವು ಹಾಲಿನ ಕ್ಯಾನ್ ಹಿಡಿದುಕೊಂಡು ಇಳಿಯುತ್ತೇವೆ. 40ರಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಬರುತ್ತದೆ, 80ರಲ್ಲಿ 22. ಬ್ರೇಕ್ ಹಾಕಿದ ಮೇಲೆ ನಿಲ್ಲಲಿಕ್ಕೆ ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮಳೆಗೆ ಇನ್ನೂ ಹೆಚ್ಚು.

ಈಗ ಬಿ.ಸಿ. ರೋಡಿನಿಂದ ಅಡ್ಡಹೊಳೆವರೆಗೆ ಸುಮಾರು 63 ಕಿ.ಮೀ. ಅಗಲ ಮಾಡುವ ಕೆಲಸ ನಾವು ವರ್ಷಗಟ್ಟಲೆ ನೋಡಿದ್ದೇವೆ. ಧೂಳು ತಿಂದೆವು, ಕೆಸರು ತುಳಿದೆವು. ಕಲ್ಲಡ್ಕದಲ್ಲಿ ವಾಹನ ಪೇಟೆಯ ಮೇಲಿಂದ ಹೋಗುವ ಹಾಗಾಯಿತು. ರಸ್ತೆ ಬಂದರಿನ ಅಳತೆಗೆ ಬೆಳೆಯಿತು. ನಾವು ಮಾತ್ರ ದನ ಎಬ್ಬಿಸುವ ಕಾಲದ ಅಭ್ಯಾಸದಲ್ಲೇ ಇದ್ದೇವೆ. ಡಿವೈಡರ್ ದಾಟುವುದು, ಅಡಿಕೆ ಚೀಲ ಅಡ್ಡ ಕಟ್ಟುವುದು, “ಇಲ್ಲೇ ಪಕ್ಕಕ್ಕೆ” ಅಂತ ಹೆಲ್ಮೆಟ್ ಬಿಡುವುದು, ರಾಂಗ್ ಸೈಡು.

ಅಂಡರ್‌ಪಾಸ್, ಸರ್ವಿಸ್ ರಸ್ತೆ, ಬೀದಿ ದೀಪ ಕೇಳಲೇಬೇಕು. ಕೇಳಿದ್ದೇವೆ, ಅರ್ಜಿ ಕೊಟ್ಟಿದ್ದೇವೆ, ಬಿಡುವುದಿಲ್ಲ. ಮೈಸೂರಿನ ಕಡೆ ಆದದ್ದು ಇಲ್ಲಿ ಆಗಬಾರದು ಅಂತ ಏನಿಲ್ಲ. ಆದರೆ ಅದು ಬರುವವರೆಗೆ ದಿನಾ ಬೆಳಿಗ್ಗೆ ಹಾಲು ಕರೆಯಬೇಕು, ಕೊಡಬೇಕು.

ಚರಂಡಿಗೆ ಬಿದ್ದ ಮರುದಿನ ನನಗೆ ಅಪ್ಪನ ಕಾಲದ ದಾರಿ ನೆನಪಾಯಿತು. ರಸ್ತೆ ಅಗಲ ಆಗುವ ಮೊದಲು ತೋಟದ ಹಿಂದಿನಿಂದ ಒಂದು ಕಾಲುದಾರಿ ಇತ್ತು. ಎರಡು ತಡಮೆ, ಒಂದು ತೋಡು, ಅದಕ್ಕೆ ಅಡಿಕೆ ಮರದ ಸಂಕ. ಬಳಸದೆ ಕಾಡು ಬೆಳೆದಿತ್ತು. ನೆರೆಯ ಎರಡು ಮನೆಯವರನ್ನು ಕೇಳಿದೆ. ಒಬ್ಬರು ಕೂಡಲೇ ಒಪ್ಪಿದರು. ಇನ್ನೊಬ್ಬರ ಜೊತೆ ಹಳೆಯ ಬೇಲಿಯ ತಕರಾರು ಇತ್ತು, ಹನ್ನೆರಡು ವರ್ಷದಿಂದ ಮಾತಿಲ್ಲ. ಹೋಗಿ ಮಾತಾಡಿದೆ. ಅವರ ಮೊಮ್ಮಗಳೂ ಶಾಲೆಗೆ ಹೋಗುವುದು ರಸ್ತೆ ಬದಿಯಲ್ಲೇ ನಡೆದುಕೊಂಡು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಲಿಯ ವಿಷಯ ಬೇರೆ, ದಾರಿಯ ವಿಷಯ ಬೇರೆ” ಅಂದರು.

ಮೂರು ಮನೆಯವರು ಎರಡು ಭಾನುವಾರ ಕತ್ತಿ ಹಾರೆ ಹಿಡಿದು ದಾರಿ ಬಿಡಿಸಿದೆವು. ಸಂಕಕ್ಕೆ ನಾಲ್ಕು ಅಡಿಕೆ ಮರ, ಹಿಡಿದುಕೊಳ್ಳಲಿಕ್ಕೆ ಒಂದು ಬಿದಿರು. ಈಗ ಕ್ಯಾನ್ ಹೊತ್ತು ನಡೆದರೆ ಒಂಬತ್ತು ನಿಮಿಷ. ಮಳೆಗೆ ಜಾರುತ್ತದೆ, ಜಿಗಣೆ ಉಂಟು. ಬೇಲಿಯ ತಕರಾರೂ ಹಾಗೇ ಉಂಟು.

ನಿಮ್ಮ ಊರಿನಲ್ಲಿಯೂ ಇಂಥ ಹಳೆಯ ಕಾಲುದಾರಿ ಹೆದ್ದಾರಿಯ ಹಿಂದೆ ಮುಚ್ಚಿ ಹೋಗಿರಬಹುದು. ಮನೆಯ ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಿ. ನಾಳೆ ಹಾಲಿಗೆ ಹೋಗುವಾಗ ಸಂಕದ ಫೋಟೋ ತೆಗೆದು ಹಾಕುತ್ತೇನೆ.