ಗಡಿಯ ಊರು, ಗಣಕದ ಪಟ್ಟಿ

1956ರ ನವೆಂಬರ್ 1ರಂದು ಜಹೀರಾಬಾದ್ ತಾಲ್ಲೂಕಿನ ಬಹುಭಾಗವೂ ನಾರಾಯಣಖೇಡವೂ ಬೀದರಿನಿಂದ, ತಾಂಡೂರು ಗುಲಬರ್ಗಾದಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಆದುದರಿಂದ ಜಹೀರಾಬಾದಿನ ಆಸುಪಾಸಿನ ಊರೊಂದನ್ನು ಅರಸುವ ಇತಿಹಾಸದ ವಿದ್ಯಾರ್ಥಿಯು 1951ರ ಜನಗಣತಿಯಲ್ಲಿ ಬೀದರನ್ನೂ 1961ರದರಲ್ಲಿ ಮೇದಕನ್ನೂ ನೋಡಬೇಕು. 2016ರಿಂದೀಚೆಗೆ ಅದು ಸಂಗಾರೆಡ್ಡಿ ಜಿಲ್ಲೆ. ಊರು ಮಾತ್ರ ಕದಲಿಲ್ಲ!

ಹೆಸರಿನ ತೊಡಕು ಇನ್ನೂ ದೊಡ್ಡದು. ಉರ್ದು, ತೆಲುಗು, ಕನ್ನಡ, ಇಂಗ್ಲಿಷ್ ದಾಖಲೆಗಳಲ್ಲಿ ಒಂದೇ ಊರು ನಾಲ್ಕು ಲಿಪಿಗಳಲ್ಲಿದೆ. ಕನ್ನಡದ ‘ಕ’ವೂ ತೆಲುಗಿನ ‘ಕ’ವೂ ನಮ್ಮ ಕಣ್ಣಿಗೆ ಅಕ್ಕತಂಗಿಯರು, ಯೂನಿಕೋಡಿನಲ್ಲಿ ಬೇರೆ ಬೇರೆ ಸಂಖ್ಯೆಗಳು. ಒಂದನ್ನು ಹುಡುಕಿದರೆ ಗಣಕವು ತಾನಾಗಿ ಇನ್ನೊಂದನ್ನು ತೋರದು. ಊರಿಗೊಂದು ಸ್ಥಿರ ಸಂಖ್ಯೆ ಕೊಟ್ಟು, ಅದರ ಮುಂದೆ ಹೆಸರಿನ ಎಲ್ಲ ರೂಪಗಳನ್ನೂ ಆಯಾ ವರ್ಷದ ಜಿಲ್ಲೆಯನ್ನೂ ಸ್ಪ್ರೆಡ್‌ಶೀಟಿನಲ್ಲಿ ದಾಖಲಿಸುವುದನ್ನು ನಮ್ಮ ಕಲಾ ವಿದ್ಯಾರ್ಥಿಗಳು ಮೊದಲು ಕಲಿಯಲೆಂದು ಬಯಸುತ್ತೇವೆ. ಇಲ್ಲವಾದರೆ, ಬೀದರಿನ ಎರಡು ಗಣತಿಗಳನ್ನಷ್ಟೇ ಹೋಲಿಸುವವರಿಗೆ ಇಲ್ಲಿಯ ಕನ್ನಡ ಮನೆಗಳು ಹತ್ತೇ ವರ್ಷಗಳಲ್ಲಿ ಮಾಯವಾದಂತೆ ಕಂಡೀತು.